ಇನ್ಫಿನಿಟ್ ಮೋಡ್‌ನಲ್ಲಿ ಬಲವಾದ ಯೂನಿಟ್‌ಗಳಿದ್ದರೂ ಸೋಲುವುದೇಕೆ?

ಬೀದರಿನವರೊಬ್ಬರು ಆನ್‌ಲೈನ್ ಆಟಗಳ ತಾಣವಾದ ರೋಬ್ಲಾಕ್ಸ್‌ನ ‘ಆಲ್ ಸ್ಟಾರ್ ಟವರ್ ಡಿಫೆನ್ಸ್’ ಆಟದ ಕುರಿತು ಈ ಪ್ರಶ್ನೆ ಕೇಳಿದ್ದಾರೆ. ಶತ್ರುಗಳು ಬರುವ ದಾರಿಯ ಪಕ್ಕ ಯೂನಿಟ್‌ಗಳನ್ನು, ಅಂದರೆ ಹೋರಾಡುವ ಪಾತ್ರಗಳನ್ನು, ನಿಲ್ಲಿಸಿ ಅವರನ್ನು ತಡೆಯುವ ಆಟವಿದು; ಇನ್ಫಿನಿಟ್ ಮೋಡ್‌ನಲ್ಲಿ ಶತ್ರುಗಳ ವೇವ್‌ಗಳು (ಅಲೆಗಳು) ಮುಗಿಯುವುದೇ ಇಲ್ಲ. ಕಲಬುರಗಿಯಲ್ಲಿ ತಮ್ಮನ ಜೊತೆ ಬಹಳ ದಿನ ಆಡಿದ ಅನುಭವದಿಂದ ಉತ್ತರಿಸುತ್ತೇನೆ.

ಆಟ ಮುಂದುವರಿದಂತೆ ನಿಮ್ಮನ್ನು ಉಳಿಸುವುದು ಏಟಿನ ಬಲಕ್ಕಿಂತ ಹೆಚ್ಚಾಗಿ ಶತ್ರು ಎಷ್ಟು ಹೊತ್ತು ಏಟಿನ ವ್ಯಾಪ್ತಿಯಲ್ಲಿರುತ್ತಾನೆ ಎಂಬುದು. ನಿಮ್ಮೂರ ಕೋಟೆಯನ್ನೇ ನೋಡಿ: ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಯಾರನ್ನೂ ಕೊಲ್ಲುವುದಿಲ್ಲ, ಆದರೆ ಗೋಡೆಯ ಮೇಲಿನವರಿಗೆ ಬೇಕಾದ ಸಮಯವನ್ನು ಅದು ಕೊಡುತ್ತದೆ. ವೇಗವನ್ನು ಅರ್ಧಕ್ಕಿಳಿಸುವ ಒಂದು ಯೂನಿಟ್ ಇದ್ದರೆ, ಅದರ ಪ್ರಭಾವ ಇರುವಷ್ಟು ದಾರಿಯಲ್ಲಿ ಉಳಿದೆಲ್ಲ ಯೂನಿಟ್‌ಗಳಿಗೂ ಹೊಡೆಯಲು ಎರಡರಷ್ಟು ಸಮಯ ಸಿಗುತ್ತದೆ. ಆದ್ದರಿಂದ ದಾರಿ ತಿರುಗಿ ಮತ್ತೆ ಹತ್ತಿರ ಬರುವ ಮೂಲೆಯಲ್ಲಿಯೇ ಅದನ್ನು ನಿಲ್ಲಿಸಿ, ಬಲವಾದ ಯೂನಿಟ್‌ಗಳನ್ನು ಅದೇ ಮೂಲೆಯ ಸುತ್ತ ಇರಿಸಿ.

ಹಾನಿಯ ಅಂಕಿಯೊಂದನ್ನೇ ನೋಡಬೇಡಿ. ಅದನ್ನು ಎರಡು ಏಟುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿ. ಆರು ಸೆಕೆಂಡಿಗೆ 6000 ಹೊಡೆಯುವುದಕ್ಕಿಂತ ಮೂರು ಸೆಕೆಂಡಿಗೆ 4000 ಹೊಡೆಯುವುದೇ ಮೇಲು.

ಆಟದೊಳಗಿನ ಹಣ ತರುವ ಬುಲ್ಮಾ ಎಂಬ ಯೂನಿಟ್ ಅನ್ನು ಆರಂಭದಲ್ಲಿಯೇ ಇರಿಸಿ ಪೂರ್ತಿ ಅಪ್‌ಗ್ರೇಡ್ ಮಾಡಿ. 1500 ಖರ್ಚಿನ ಅಪ್‌ಗ್ರೇಡ್ ಪ್ರತಿ ವೇವ್‌ಗೆ 500 ಹೆಚ್ಚು ತಂದರೆ ಮೂರೇ ವೇವ್‌ಗಳಲ್ಲಿ ಅಸಲು ಮರಳುತ್ತದೆ, ಮುಂದಿನದೆಲ್ಲ ಲಾಭ. ತಡಮಾಡಿದಷ್ಟೂ ಆ ಲಾಭ ಕೈತಪ್ಪುತ್ತದೆ.

ಬಾಸ್ ಬಂದಾಗ ಒಂದೇ ಗುರಿಗೆ ಹೊಡೆಯುವ ಯೂನಿಟ್‌ಗಳ ಟಾರ್ಗೆಟ್ ಅನ್ನು ‘ಸ್ಟ್ರಾಂಗೆಸ್ಟ್’ಗೆ (ಅತಿ ಬಲಶಾಲಿ ಶತ್ರುವಿಗೆ) ಬದಲಿಸಿ. ಹಾರುವ ಶತ್ರುಗಳನ್ನು ಹೊಡೆಯಬಲ್ಲ ಒಂದು ಯೂನಿಟ್ ಅನ್ನಂತೂ ಮರೆಯಲೇಬೇಡಿ.