ನಾಯಿ-ಬೆಕ್ಕುಗಳ ಚಿತ್ರ ಬಿಡಿಸಿ ಕಲಾ ಸಂತೆಯಲ್ಲಿ ಇಟ್ಟರೆ ಯಾರಾದರೂ ಕೊಳ್ಳುತ್ತಾರಾ?

ಕೊಳ್ಳುತ್ತಾರೆ. ಆದರೆ ನೀವು ಗೋಡೆಗೆ ತೂಗು ಹಾಕಿದ ಚಿತ್ರವನ್ನಲ್ಲ, ಇನ್ನೂ ಬಿಡಿಸದೇ ಇರುವ ಚಿತ್ರವನ್ನು.

ನೀವು ಬರೆದಿರುವ ಪ್ರಕಾರ ಎರಡು ವರ್ಷದಿಂದ ಮನೆಯಲ್ಲೇ ವಾಟರ್ ಕಲರ್‌ನಲ್ಲಿ ನಾಯಿ, ಬೆಕ್ಕು ಬಿಡಿಸುತ್ತಿದ್ದೀರಿ, ಇಪ್ಪತ್ತು ಚಿತ್ರ ಸೇರಿವೆ, ಬೆಂಗಳೂರಿನ ಚಿತ್ರಸಂತೆಯಂಥ ಕಡೆ ಇಡಬೇಕು ಅಂತ ಆಸೆ, ಆದರೆ "ಬೇರೆಯವರ ಮನೆ ನಾಯಿಯ ಚಿತ್ರವನ್ನು ಯಾರು ದುಡ್ಡು ಕೊಟ್ಟು ಒಯ್ಯುತ್ತಾರೆ?" ಅಂತ ಅನುಮಾನ. ನಿಮ್ಮ ಅನುಮಾನ ಸರಿಯಾಗಿದೆ. ಪ್ರಶ್ನೆಯ ಜೊತೆ ಹಾಕಿರುವ ಒಂಟಿಕಣ್ಣಿನ ಬೆಕ್ಕಿನ ಚಿತ್ರವನ್ನೂ ನೋಡಿದೆ, ತುಂಬಾ ಹೊತ್ತು ನೋಡಿದೆ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ನಾನು ತುಮಕೂರಿನವಳು. ಶಾಲೆಯ ಕೆಲಸ ಮುಗಿಸಿ ರಾತ್ರಿ ಹೊತ್ತು ಸಾಕುಪ್ರಾಣಿಗಳ ಚಿತ್ರ ಬಿಡಿಸುತ್ತಾ ಏಳು ವರ್ಷ ಆಯಿತು. ಮೊದಲ ಸಲ ಚಿತ್ರಸಂತೆಗೆ ಹೋದಾಗ ಹದಿನಾಲ್ಕು ಚಿತ್ರಕ್ಕೆ ಫ್ರೇಮ್ ಹಾಕಿಸಿಕೊಂಡು ಹೋಗಿದ್ದೆ. ಎರಡು ಮಾರಾಟವಾಯಿತು. ಒಂದು, ಗೋಣಿಚೀಲದ ಮೇಲೆ ಸುರುಳಿಯಾಗಿ ಮಲಗಿದ ನಾಟಿ ನಾಯಿ. ಇನ್ನೊಂದು, ಕಿಟಕಿಯಲ್ಲಿ ಬೆನ್ನು ತಿರುಗಿಸಿ ಕೂತ ಬೆಕ್ಕು. ಎರಡರಲ್ಲೂ ಮುಖ ಸರಿಯಾಗಿ ಕಾಣುವುದಿಲ್ಲ ನೋಡಿ, ಯಾರ ಮನೆಯದು ಬೇಕಾದರೂ ಆಗಬಹುದು. ಉಳಿದ ಹನ್ನೆರಡು ಮುಖಗಳು ವಾಪಸ್ ಬಂದವು. ಆದರೆ ಅವತ್ತು ಬೆಳಗ್ಗೆಯಿಂದ ಸಂಜೆವರೆಗೆ ಸ್ಟಾಲ್ ಮುಂದೆ ನಿಂತವರಲ್ಲಿ ಎಷ್ಟೋ ಜನ ಚಿತ್ರವನ್ನು ಒಂದು ನಿಮಿಷ ನೋಡಿ ಜೇಬಿನಿಂದ ಫೋನ್ ತೆಗೆದರು. "ನಮ್ಮದು ನೋಡಿ ಮೇಡಂ, ಇವನು ಸಿಂಬ." "ಇವಳು ಹೋಗಿ ಎರಡು ವರ್ಷ ಆಯ್ತು." ನಾನು ಅವರ ಫೋಟೋ ನೋಡಿ ನಕ್ಕು ಕಳಿಸುತ್ತಾ ಇದ್ದೆ. ಮಧ್ಯಾಹ್ನ ಮೂರರ ಮೇಲೆ ತಲೆಗೆ ಹೊಳೆಯಿತು, ಪಕ್ಕದ ಸ್ಟಾಲಿನವರ ಹತ್ತಿರ ಒಂದು ನೋಟ್‌ಬುಕ್ ಇಸ್ಕೊಂಡು ಹೆಸರು, ನಂಬರ್ ಬರೆದುಕೊಳ್ಳೋಕೆ ಶುರು ಮಾಡಿದೆ. ಆ ಒಂದು ಪುಟದಿಂದ ಬಂದ ಕೆಲಸವನ್ನು ಯುಗಾದಿವರೆಗೂ ಬಿಡಿಸಿದೆ.

ಹಾಗಾಗಿ ಇಪ್ಪತ್ತನ್ನೂ ಹೊತ್ತುಕೊಂಡು ಹೋಗಬೇಡಿ. ನಾಯಿ ಆರು, ಬೆಕ್ಕು ನಾಲ್ಕು ಸಾಕು, ಜೊತೆಗೆ ಒಂದು ಹಸುವೋ ಗಿಳಿಯೋ ಇರಲಿ, ಹಳ್ಳಿ ಕಡೆಯಿಂದ ಬಂದವರು ಹಸು ನೋಡಿದರೆ ನಿಲ್ಲುತ್ತಾರೆ. ಒಂದು ಚಿತ್ರದ ಪಕ್ಕದಲ್ಲಿ ಅದಕ್ಕೆ ಬಳಸಿದ ಫೋಟೋವನ್ನೂ ಅಂಟಿಸಿ. ಇದನ್ನು ಮರೆಯಬೇಡಿ. ಫೋಟೋ ಮತ್ತು ಚಿತ್ರ ಅಕ್ಕಪಕ್ಕ ಕಂಡ ಕೂಡಲೇ "ನನ್ನ ನಾಯಿದೂ ಹೀಗೆ ಮಾಡಿಸಬಹುದಾ?" ಅನ್ನುವ ಮಾತು ತಾನಾಗಿ ಬರುತ್ತದೆ. ಅಳತೆ ಮತ್ತು ಬೆಲೆಯ ಪಟ್ಟಿಯನ್ನು ಕಣ್ಣಿಗೆ ಬೀಳುವ ಹಾಗೆ ತೂಗು ಹಾಕಿ. ಬೆಲೆ ಕೇಳೋಕೆ ಸಂಕೋಚಪಟ್ಟು ಹಾಗೇ ಹೋಗುವವರು ಜಾಸ್ತಿ. ನಾನು ಎ4 ಅಳತೆಗೆ 1,800 ರೂಪಾಯಿಯಿಂದ ಶುರು ಮಾಡಿದ್ದು, ಈಗ 3,000 ತೆಗೆದುಕೊಳ್ಳುತ್ತೇನೆ, ಅರ್ಧ ಅಡ್ವಾನ್ಸ್. ಅಡ್ವಾನ್ಸ್ ಇಲ್ಲದೆ ಬ್ರಷ್ ಮುಟ್ಟಬೇಡಿ.

ಈಗ ಕರಿಯನ ವಿಷಯ ಹೇಳಬೇಕು. ನಾನು ಕಲಿತ ದೊಡ್ಡ ಪಾಠ ಅಲ್ಲಿಂದಲೇ ಬಂದದ್ದು.

ಶಿರಾ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು ತೀರಿಹೋದ ತಮ್ಮ ನಾಯಿಯ ಚಿತ್ರ ಬೇಕು ಅಂತ ಕೇಳಿದ್ದರು. ಹೆಸರು ಕರಿಯ. ಫೋಟೋದಲ್ಲಿ ಅವನ ಎಡಗಿವಿಯ ತುದಿ ಕತ್ತರಿಸಿದ ಹಾಗೆ ಇತ್ತು. ಎಲ್ಲೋ ಕಚ್ಚಾಡಿಕೊಂಡಿರಬೇಕು, ನೆನಪಿಗೆ ಇಟ್ಟುಕೊಳ್ಳುವ ಚಿತ್ರ, ಚೆಂದವಾಗಿ ಕಾಣಲಿ ಅಂತ ನಾನು ಎರಡೂ ಕಿವಿಯನ್ನು ಪೂರ್ತಿ ಬಿಡಿಸಿದೆ. ಚಿತ್ರ ತೆಗೆದುಕೊಳ್ಳಲು ಬಂದಾಗ ಮೇಷ್ಟ್ರು ಏನೂ ಮಾತಾಡಲಿಲ್ಲ. ಅವರ ಮನೆಯವರು ನಿಧಾನಕ್ಕೆ ಅಂದರು, "ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನಮ್ಮ ಕರಿಯ ಅಲ್ವಲ್ಲ."

ಆಮೇಲೆ ಗೊತ್ತಾಯಿತು, ಅದು ಕಚ್ಚಾಟದ ಗಾಯವೇ ಅಲ್ಲ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ ರೇಬೀಸ್ ಲಸಿಕೆ ಹಾಕಿದಾಗ ಗುರುತಿಗೆ ಅಂತ ಕಿವಿಯ ತುದಿಯನ್ನು ಒಂಚೂರು ಕತ್ತರಿಸುತ್ತಾರೆ. ಕರಿಯ ಬೀದಿಯಲ್ಲಿ ಇದ್ದವನು. ಆಪರೇಷನ್ ಮುಗಿಸಿ ವ್ಯಾನಿನವರು ತಂದು ಬಿಟ್ಟ ದಿನ ನೇರವಾಗಿ ಇವರ ಗೇಟಿನ ಮುಂದೆ ಬಂದು ಮಲಗಿದ್ದನಂತೆ. ಅವತ್ತಿಂದ ಹನ್ನೊಂದು ವರ್ಷ ಆ ಮನೆ ಬಿಟ್ಟು ಹೋಗಲಿಲ್ಲ. ಅವರ ಪಾಲಿಗೆ ಕರಿಯ ಅಂದರೆ ಆ ಕಿವಿ. ನಾನು ಅದನ್ನೇ ಅಳಿಸಿಬಿಟ್ಟಿದ್ದೆ.

ವಾಟರ್ ಕಲರ್‌ನಲ್ಲಿ ಗಾಢ ಬಣ್ಣ ಒಂದು ಸಲ ಕಾಗದ ಹಿಡಿದರೆ ಅದರ ಮೇಲೆ ತಿಳಿ ಬಣ್ಣ ಕೂರುವುದಿಲ್ಲ. ಒದ್ದೆ ಬ್ರಷ್‌ನಿಂದ ಎಷ್ಟು ಎತ್ತಿದರೂ ಬೂದು ಕಲೆ ಉಳಿಯುತ್ತದೆ. ಹೊಸ ಹಾಳೆ ತೆಗೆದುಕೊಂಡು ಮೊದಲಿಂದ ಬಿಡಿಸಿದೆ, ಒಂಬತ್ತು ರಾತ್ರಿ. ಎರಡನೇ ಸಲ ಆ ಕತ್ತರಿಸಿದ ತುದಿಯಿಂದಲೇ ಶುರು ಮಾಡಿದೆ. ಅಲ್ಲಿ ಕೂದಲು ಬೆಳೆಯದೆ ಚರ್ಮ ಸ್ವಲ್ಪ ಹೊಳೆಯುತ್ತಿತ್ತು, ಅಂಚು ತಿಳಿ ಗುಲಾಬಿ. ಅಷ್ಟು ಹತ್ತಿರದಿಂದ ಅದನ್ನು ನಾನು ಮೊದಲು ನೋಡಿರಲೇ ಇಲ್ಲ. ಈ ಸಲ ಮೇಷ್ಟ್ರು ಆ ಕಿವಿಯ ಮೇಲೆ, ಬಣ್ಣಕ್ಕೆ ತಾಗದ ಹಾಗೆ, ಬೆರಳು ಆಡಿಸಿದರು.

ಅಲ್ಲಿಂದ ಆರ್ಡರ್ ಬರೆದುಕೊಳ್ಳುವಾಗ ಮೂರು ಪ್ರಶ್ನೆ ಕೇಳುತ್ತೇನೆ. ಮೈಮೇಲೆ ಏನಾದರೂ ಗುರುತು ಇದೆಯಾ, ಅದನ್ನು ಇಡಲಾ? ಕೊರಳಪಟ್ಟಿ ಇರಲಾ, ಬೇಡವಾ? ನೀವು ಮನೆಗೆ ಬಂದಾಗ ಅದು ಹೇಗೆ ನೋಡುತ್ತದೆ? ಮೂರನೆಯದಕ್ಕೆ ಜನ ಅಲ್ಲೇ ನಿಂತು ಮುಖ ಮಾಡಿ ತೋರಿಸುತ್ತಾರೆ. ಆ ಮುಖವನ್ನು ನೆನಪಿಟ್ಟುಕೊಳ್ಳಿ.

ಫೋಟೋ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಹೆಚ್ಚಿನವರು ಮೊಬೈಲನ್ನು ನಾಯಿಯ ಮೂತಿಗೆ ಹಿಡಿದು ಮೇಲಿಂದ ತೆಗೆದಿರುತ್ತಾರೆ, ಅದರಲ್ಲಿ ಮೂಗು ಬದನೆಕಾಯಿ ಗಾತ್ರ, ತಲೆ ನಿಂಬೆಹಣ್ಣು. ಹಾಗೇ ನಕಲು ಮಾಡಿದರೆ ಚಿತ್ರವೂ ಹಾಗೇ ಬರುತ್ತದೆ. ನೆಲದ ಮೇಲೆ ಕೂತು, ಅದರ ಕಣ್ಣಿನ ಎತ್ತರಕ್ಕೆ ಫೋನ್ ಹಿಡಿದು, ನಾಲ್ಕೈದು ಅಡಿ ಹಿಂದೆ ಸರಿದು ಜೂಮ್ ಮಾಡಿ ತೆಗೆಯಲು ಹೇಳಿ. ಬೆಳಗಿನ ಹೊತ್ತು ಜಗಲಿ ಅಥವಾ ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಬೇಡ, ಕಣ್ಣು ಹಸಿರಾಗಿ ಹೊಳೆಯುತ್ತದೆ. ತೀರಿಹೋದ ಪ್ರಾಣಿಯಾದರೆ ಹೊಸ ಫೋಟೋ ಎಲ್ಲಿಂದ ತರೋದು, ಅಲ್ವಾ? ಆಗ ಹಳೇ ವಿಡಿಯೋ ಕೇಳಿ. ನಿಲ್ಲಿಸಿ ನಿಲ್ಲಿಸಿ ನೋಡಿದರೆ ಫೋಟೋದಲ್ಲಿ ಸಿಗದ ಕೋನ ಸಿಗುತ್ತದೆ, ತಲೆ ಓರೆ ಮಾಡುವ ರೀತಿಯೂ ಗೊತ್ತಾಗುತ್ತದೆ.

ಕಣ್ಣು ಮೊದಲು ಮುಗಿಸಿ. ಕಣ್ಣು ಕೂರದಿದ್ದರೆ ಹಾಳೆ ಬದಲಾಯಿಸಿ, ಮೈಮೇಲಿನ ಕೂದಲಿಗೆ ಒಂದು ವಾರ ಸುರಿದ ಮೇಲೆ ಬದಲಾಯಿಸುವ ಹಾಗೆ ಆಗಬಾರದು. ನಾಯಿಯ ಕಣ್ಣು ಒಂದೇ ಕಂದು ಅಲ್ಲ. ಮೇಲಿನ ರೆಪ್ಪೆಯ ನೆರಳು ಬೀಳುವ ಕಡೆ ಹೆಚ್ಚು ಕಡಿಮೆ ಕಪ್ಪು, ಬೆಳಕಿನ ಚುಕ್ಕಿ ಬಿದ್ದ ಜಾಗಕ್ಕೆ ಎದುರು, ಕೆಳಗೆ, ಜೇನಿನ ಬಣ್ಣ. ಆ ಚುಕ್ಕಿಗೆ ಕಾಗದದ ಬಿಳಿಯನ್ನೇ ಬಿಡಿ. ಕಣ್ಣಿನ ಬಿಳಿ ಭಾಗವನ್ನು ಮನುಷ್ಯರಿಗೆ ಬಿಡಿಸುವ ಹಾಗೆ ಜಾಸ್ತಿ ತೋರಿಸಬೇಡಿ, ನಾಯಿ ಹೆದರಿದ ಹಾಗೆ ಕಾಣುತ್ತದೆ. ನಿಜವಾಗಿಯೂ ಹೆದರಿದಾಗ ಅದರ ಕಣ್ಣಲ್ಲಿ ಬಿಳಿ ಹೆಚ್ಚು ಕಾಣಿಸುತ್ತದೆ. ಬೆಕ್ಕಿಗಾದರೆ ನೆರಳಲ್ಲಿ ತೆಗೆದ ಫೋಟೋ ಆರಿಸಿ, ಬಿಸಿಲಲ್ಲಿ ಪಾಪೆ ಗೀಟಿನ ಹಾಗೆ ಕಿರಿದಾಗಿ ಮುಖ ಗಡುಸಾಗುತ್ತದೆ.

ಕಪ್ಪು ನಾಯಿಗೆ ಟ್ಯೂಬಿನ ಕಪ್ಪು ಹಾಕಬೇಡಿ, ಇದ್ದಿಲಿನ ಹಾಗೆ ಸತ್ತುಹೋಗುತ್ತದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ, ಬೆನ್ನ ಮೇಲೆ ನೀಲಿ ಮುಂದಾಗಲಿ, ಹೊಟ್ಟೆಯ ಕಡೆ ಕಂದು. ಮುಧೋಳ ನಾಯಿಯ ಆರ್ಡರ್ ಬಂದರೆ ಮಾತ್ರ ಎರಡು ದಿನ ಜಾಸ್ತಿ ಕೇಳಿ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ನಮ್ಮ ಮುಧೋಳವೂ ಇತ್ತು, ಆ ನಾಯಿ ಸಾಕಿದವರಿಗೆ ಅದರ ಮೈಕಟ್ಟೇ ಹೆಮ್ಮೆ. ಕೂದಲು ಗಿಡ್ಡ, ಏನನ್ನೂ ಮುಚ್ಚಿಡೋಕೆ ಆಗೋದಿಲ್ಲ. ಇಳಿದ ಎದೆ, ಒಳಗೆ ಹೋದ ಹೊಟ್ಟೆ, ತೊಡೆಯ ಸ್ನಾಯು ಒಂದು ಗೆರೆ ತಪ್ಪಿದರೂ ಅವರಿಗೆ ತಕ್ಷಣ ಕಾಣುತ್ತದೆ.

ಇನ್ನು ಸಂತೆ. ಚಿತ್ರಸಂತೆಯನ್ನು ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತದೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಪರಿಷತ್ತಿನ ಆವರಣ ಮತ್ತು ಕುಮಾರಕೃಪಾ ರಸ್ತೆಯ ಉದ್ದಕ್ಕೂ. 2025ರ ಜನವರಿ 5ರಂದು ನಡೆದದ್ದು 22ನೆಯದು. ಅರ್ಜಿ ಕೆಲವು ತಿಂಗಳು ಮೊದಲೇ ಕರೆಯುತ್ತಾರೆ, ಡಿಸೆಂಬರಲ್ಲಿ ಎಚ್ಚರವಾದರೆ ಆಗೋದಿಲ್ಲ. ಬಿಸಿಲು ನೇರ ಬೀಳುತ್ತದೆ, ಗಾಳಿಗೆ ಹಗುರ ಫ್ರೇಮ್ ಮುಗುಚುತ್ತದೆ. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ, ಕ್ಲಿಪ್, ಹಗ್ಗ, ಒಂದು ಬಿಳಿ ಬೆಡ್‌ಶೀಟ್ ಇಟ್ಟುಕೊಳ್ಳಿ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಸ್ಕ್ಯಾನ್ ಮಾಡಿ ದುಡ್ಡು ಹಾಕೋಕೆ ಆಗದವರಿಗೆ ಚಿಲ್ಲರೆ ಇರಲಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಊಟಕ್ಕೆ ಏಳೋಕಾದರೂ ಬೇಕಲ್ಲ.

ಅಷ್ಟು ದೊಡ್ಡ ಜಾಗಕ್ಕೆ ನೇರ ಹೋಗೋಕೆ ಹಿಂಜರಿಕೆ ಆದರೆ ನಿಮ್ಮ ಊರಲ್ಲೇ ಶುರು ಮಾಡಿ. ನಾಯಿಮರಿ ದತ್ತು ಕೊಡುವ ಶಿಬಿರ, ಕಾಲೇಜಿನ ಕಲಾ ಪ್ರದರ್ಶನ, ಶ್ವಾನ ಪ್ರದರ್ಶನ ಯಾವುದಾದರೂ ಸರಿ. ಮೈಸೂರಿನ ರೈತ ದಸರಾದಲ್ಲಿ ಸಾಕುಪ್ರಾಣಿಗಳ ಪ್ರದರ್ಶನ ಇರುತ್ತದೆ. ಅಲ್ಲಿಗೆ ಸುಮ್ನೆ ಸ್ಕೆಚ್‌ಬುಕ್ ಹಿಡಿದು ಹೋಗಿ ಐದೈದು ನಿಮಿಷದ ಪೆನ್ಸಿಲ್ ಚಿತ್ರ ಬಿಡಿಸಿದರೂ ಜನ ಸುತ್ತ ಸೇರುತ್ತಾರೆ.

"ನಾಯಿ ಚಿತ್ರಕ್ಕೆ ಇಷ್ಟು ದುಡ್ಡಾ?" ಅಂತ ಕೇಳುವವರು ಸಿಗುತ್ತಾರೆ. ಬೇಜಾರಾಗುತ್ತದೆ, ನನಗೂ ಆಗುತ್ತಿತ್ತು. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಸಿಕ್ಕ ಒಂದು ಶಾಸನ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 950ರ ಸುಮಾರಿನದು. ಯುದ್ಧದಲ್ಲಿ ಗೆದ್ದ ಮಣಲೇರ ಅನ್ನುವ ವೀರನಿಗೆ ಒಡೆಯ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ನಾಯಿಯೂ ಹಂದಿಯೂ ಹೋರಾಡುವುದನ್ನು ಕೆತ್ತಿಸಿದರು. ಸಾವಿರ ವರ್ಷ ಆದರೂ ಆ ನಾಯಿಯ ಹೆಸರು ನಮಗೆ ಗೊತ್ತಿದೆ. ಈಗ ಯಾರಾದರೂ ಹಾಗೆ ಕೇಳಿದರೆ ಈ ಕಥೆ ಹೇಳುತ್ತೇನೆ. ಕೆಲವರು ಕೂತು ಪೂರ್ತಿ ಕೇಳುತ್ತಾರೆ.

ಈಗ ನಿಮ್ಮ ಬೆಕ್ಕಿನ ವಿಷಯ. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು "ಇನ್ನೊಂದು ಕಣ್ಣನ್ನೂ ಬಿಡಿಸಬಹುದಿತ್ತು" ಅಂತ ಬರೆದಿದ್ದಾರೆ. ಬೇಡ, ಮುಟ್ಟಬೇಡಿ. ಆ ಮುಚ್ಚಿಹೋದ ಕಣ್ಣಿನ ಸುತ್ತ ಕೂದಲು ಒಳಕ್ಕೆ ತಿರುಗುವುದನ್ನು ನೀವು ನಾಲ್ಕೇ ಗೆರೆಯಲ್ಲಿ ತಂದಿದ್ದೀರಿ, ನನಗೆ ಅದು ಬರೋಕೆ ಮೂರು ವರ್ಷ ಬೇಕಾಯಿತು. ಅರ್ಜಿಗೆ ಚಿತ್ರಗಳ ಫೋಟೋ ಕಳಿಸುವಾಗ ಅದನ್ನೇ ಮೊದಲು ಇಡಿ. ಸ್ಟಾಲಿನಲ್ಲೂ ನಡುವೆ, ಕಣ್ಣಿನ ಮಟ್ಟಕ್ಕೆ, ಅದೇ ಇರಲಿ. ಅದರ ಹೆಸರನ್ನು ಕೆಳಗೆ ಬರೆದಿರಿ, ಬಂದವರೆಲ್ಲ ಕೇಳುತ್ತಾರೆ.