ಪರಾಗ್ವೆ ಕಾಡಿನ ಇಪಿಪಿ

ಪ್ರಶ್ನೆ: ಸಾರ್, ಪರಾಗ್ವೆಯಲ್ಲಿ ಇಪಿಪಿ ಅಂತ ಎಡಪಂಥೀಯ ಗೆರಿಲ್ಲಾ ಗುಂಪು ಇದೆಯಂತಲ್ಲ, ಇನ್ನೂ ಇದೆಯಾ? ಇಷ್ಟು ಸಣ್ಣ ಗುಂಪನ್ನು ಸೇನೆ ಯಾಕೆ ಮುಗಿಸಿಲ್ಲ?
– ಓದುಗ, ಧಾರವಾಡ

ಉತ್ತರ: ಇದೆ. ಪರಾಗ್ವೆ ಜನಸೇನೆ ಅನ್ನುವ ಹೆಸರಲ್ಲಿ 2008ರಲ್ಲಿ ಬಹಿರಂಗವಾಗಿ ಕಾಣಿಸಿಕೊಂಡಿತು. ಇರುವುದು ಬೆರಳೆಣಿಕೆಯ ಜನ, ಓಡಾಟವೂ ಹೆಚ್ಚಾಗಿ ಉತ್ತರದ ಕಾನ್ಸೆಪ್ಸಿಯೋನ್, ಸ್ಯಾನ್ ಪೆಡ್ರೊ ಭಾಗದ ಕಾಡಿನಲ್ಲೇ. ಅಪಹರಣ, ಹಣ ವಸೂಲಿ, ಜಾನುವಾರು ಫಾರಂಗಳ ಮೇಲೆ ದಾಳಿ ಇವರ ಕೆಲಸ. 2013ರಲ್ಲಿ ಸರ್ಕಾರ ಸೇನೆ, ಪೊಲೀಸರನ್ನು ಸೇರಿಸಿ ಜಂಟಿ ಪಡೆಯನ್ನೇ ಕಟ್ಟಿತು. 2022ರಲ್ಲಿ ನಾಯಕ ಒಸ್ವಾಲ್ಡೊ ವಿಲ್ಯಾಲ್ಬಾ ಸತ್ತ. ಆದರೂ ಗುಂಪು ಪೂರ್ತಿ ಮುಗಿಯಲಿಲ್ಲ.

ಯಾಕೆ ಅಂದ್ರೆ, ಜಮೀನಿಲ್ಲದವರ ಸಿಟ್ಟು ಇಂಥ ಗುಂಪಿಗೆ ಆಸರೆ. ಅಲ್ಲಿ ಶೇ 3ಕ್ಕಿಂತ ಕಡಿಮೆ ಮಾಲೀಕರ ಕೈಯಲ್ಲಿ ಶೇ 80ಕ್ಕೂ ಜಾಸ್ತಿ ಕೃಷಿ ಭೂಮಿ ಇದೆ. 1954ರಿಂದ 1989ರವರೆಗೆ ಆಳಿದ ಸರ್ವಾಧಿಕಾರಿ ಸ್ಟ್ರೋಸ್ನರ್ ತನ್ನವರಿಗೆ ಜಮೀನು ಹಂಚಿದ್ದೂ ಇದಕ್ಕೆ ಒಂದು ಕಾರಣ. ಹಾಗಂತ ರೈತರೆಲ್ಲ ಇವರ ಬೆನ್ನಿಗಿದ್ದಾರೆ ಅಂತ ತಿಳಿಯಬೇಡಿ. ಹೆದರಿ ಸುಮ್ನಿರುವವರೇ ಹೆಚ್ಚು ಅನ್ನೋದು ನನ್ನ ಅನಿಸಿಕೆ. 2020ರ ಸೆಪ್ಟೆಂಬರಲ್ಲಿ ಸೇನೆಯ ದಾಳಿಯಲ್ಲಿ 11 ವರ್ಷದ ಇಬ್ಬರು ಹುಡುಗಿಯರು ಸತ್ತರು, ಅದು ದೊಡ್ಡ ಗದ್ದಲವಾಯಿತು. ಅದಾಗಿ ಒಂದೇ ವಾರಕ್ಕೆ ಇಪಿಪಿಯವರು ದೇಶದ ಮಾಜಿ ಉಪಾಧ್ಯಕ್ಷ ಆಸ್ಕರ್ ಡೆನಿಸ್ ಅವರನ್ನು ಅಪಹರಿಸಿದರು. ಅಪಹರಣಕಾರರು ಕೇಳಿದಂತೆ ಮನೆಯವರು ಬಡ ಊರುಗಳಿಗೆ, ಆದಿವಾಸಿ ಹಾಡಿಗಳಿಗೆ ಆಹಾರದ ಪೊಟ್ಟಣ ಹಂಚಿದರು, ಆದರೂ ಡೆನಿಸ್ ಮನೆಗೆ ಬರಲಿಲ್ಲ. ಬಡವರ ಹೆಸರಲ್ಲಿ ಹೋರಾಟ ಅಂತಾರೆ, ಆದರೆ ಡೆನಿಸ್ ಜೊತೆ ಇವರು ಹೊತ್ತೊಯ್ದವನು ಒಬ್ಬ ಆದಿವಾಸಿ ಕೂಲಿ ಹುಡುಗ! ಅವನನ್ನೇನೋ ಆಮೇಲೆ ಬಿಟ್ಟರು.