ಹಳೇ ಡಿಟಿಪಿ ಸಾಫ್ಟ್‌ವೇರ್‌ನ ಲಾಕ್ ಕಳೆದಿದೆ. ಸಂಘದ ಸಂಚಿಕೆಗಳನ್ನು ಕ್ರ್ಯಾಕ್ ಬಳಸಿ ತೆರೆದು ನೆಟ್‌ಗೆ ಹಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಡೊಂಬಿವಲಿಯ ನಿಮ್ಮ ಕನ್ನಡ ಸಂಘದ ಹಳೇ ಸ್ಮರಣ ಸಂಚಿಕೆಗಳು ಸಿಡಿಗಳಲ್ಲಿ ಇವೆ. ಎಲ್ಲ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರಿನ ಫೈಲುಗಳು. ಆಗ ಬಳಸಿದ ಕನ್ನಡ ಸಾಫ್ಟ್‌ವೇರ್ ನಡೆಯಲು ಕಂಪ್ಯೂಟರಿಗೆ ಸಿಕ್ಕಿಸಬೇಕಾದ ಲಾಕ್ ಕಳೆದುಹೋಗಿದೆ. ಸದಸ್ಯರೊಬ್ಬರು ಕ್ರ್ಯಾಕ್ ಮಾಡಿದ, ಅಂದರೆ ಲಾಕ್ ಇಲ್ಲದೆಯೂ ನಡೆಯುವಂತೆ ಮುರಿದ, ಪ್ರತಿ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ಅದನ್ನು ಹಾಕಿಕೊಂಡು ಫೈಲು ತೆರೆಯಬಹುದಾ, ಆಮೇಲೆ ಎಲ್ಲವನ್ನೂ ನೆಟ್‌ಗೆ ಹಾಕಬಹುದಾ?

ಕ್ರ್ಯಾಕ್ ಬೇಡ. ಅದಿಲ್ಲದೆಯೇ ಕೆಲಸ ಆಗುತ್ತದೆ. ಆದರೆ ನೆಟ್‌ಗೆ ಹಾಕುವ ಮುಂಚೆ ಲೇಖಕರ ಒಪ್ಪಿಗೆ ಪಡೆಯಲೇಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮುಂಬಯಿಯಲ್ಲಿ ಇಂಥ ಸಿಡಿಗಳು ಇನ್ನೂ ಎಷ್ಟು ಸಂಘಗಳ ಕಪಾಟಿನಲ್ಲಿ ಇವೆಯೋ.

ನಾನು 90ರ ದಶಕದ ಕೊನೆಯಲ್ಲಿ ದಾದರ್‌ನ ಒಂದು ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ) ಅಂಗಡಿಯಲ್ಲಿ ಕನ್ನಡದ ಕೆಲಸ ನೋಡಿಕೊಳ್ಳುತ್ತಿದ್ದೆ. ಮದುವೆ ಕರೆಯೋಲೆ, ಯಕ್ಷಗಾನದ ಕರಪತ್ರ, ಸಂಘಗಳ ಸಂಚಿಕೆ, ಎಲ್ಲ ಬರುತ್ತಿದ್ದವು. ಲಾಕ್ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅಂಗೈಯಲ್ಲಿ ಹಿಡಿಯುವಂಥ ಒಂದು ಪ್ಲಾಸ್ಟಿಕ್ ತುಂಡು. ಅದನ್ನು ಕಂಪ್ಯೂಟರ್ ಹಿಂದಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ, ಎರಡೂ ಬದಿಯ ಸ್ಕ್ರೂ ಬಿಗಿ ಮಾಡಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕಬೇಕು. ಸಾಫ್ಟ್‌ವೇರ್ ಶುರುವಾದ ಕೂಡಲೇ ಅದನ್ನು ಹುಡುಕುತ್ತದೆ. ಸಿಗದಿದ್ದರೆ ಕನ್ನಡ ಟೈಪ್ ಆಗುವುದೇ ಇಲ್ಲ. ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಎರಡು, ಲಾಕ್ ಒಂದೇ. ರಾಜ್ಯೋತ್ಸವ ಹತ್ತಿರ ಬಂತು ಅಂದರೆ ಮೇಜಿನ ಕೆಳಗೆ ಬಗ್ಗಿ ಲಾಕನ್ನು ಇದರಿಂದ ಕಿತ್ತು ಅದಕ್ಕೆ ಹಾಕುವುದೇ ಒಂದು ಕೆಲಸ.

ಆಗಿನ ಕನ್ನಡ ಡಿಟಿಪಿಯಲ್ಲಿ ಪುಣೆಯ ಪಾಲು ದೊಡ್ಡದು. ಶ್ರೀಲಿಪಿ ಎಂಬ ಸಾಫ್ಟ್‌ವೇರ್ ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಕಂಪನಿ ಪುಣೆಯದು. ಐಎಸ್‌ಎಂ, ಲೀಪ್ ಆಫೀಸ್ ಸಾಫ್ಟ್‌ವೇರ್ ಕೊಟ್ಟ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಕೂಡ ಅಲ್ಲಿಯದೇ. ವಿಂಡೋಸ್‌ಗೆ ಕನ್ನಡವೇ ಗೊತ್ತಿಲ್ಲದ ಕಾಲದಲ್ಲಿ ನಮ್ಮ ಒತ್ತಕ್ಷರಗಳನ್ನು ಪರದೆ ಮೇಲೆ ತಂದವರು ಇಂಥವರು. ಕೊಳ್ಳುವವರು ಕಡಿಮೆ, ನಕಲು ಮಾಡುವವರು ಜಾಸ್ತಿ. ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತ್‌ನಲ್ಲಿ ಯಾವ ಸಾಫ್ಟ್‌ವೇರ್ ಬೇಕಾದರೂ ಚಿಲ್ಲರೆ ಕಾಸಿಗೆ ಸಿಡಿಯಲ್ಲಿ ಸಿಗುತ್ತಿತ್ತು. ಹಾಗಾಗಿ ಲಾಕ್ ಹಾಕಿದ್ದಕ್ಕೆ ನನಗೆ ಕಂಪನಿಗಳ ಮೇಲೆ ಸಿಟ್ಟಿಲ್ಲ. ದುಡಿದವರಿಗೆ ದುಡ್ಡು ಸಿಗಬೇಕು. ಇದು ಹೊಸ ಜಗಳವೂ ಅಲ್ಲ. 1976ರಲ್ಲೇ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಮ್ಮ ಬೇಸಿಕ್ ಎಂಬ ಸಾಫ್ಟ್‌ವೇರನ್ನು ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದೀರಿ ಎಂದು ದೂರಿದ್ದರು.

ಈಗ ಕಾನೂನು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ 1994ರ ತಿದ್ದುಪಡಿಯಲ್ಲಿ 63ಬಿ ಅನ್ನುವ ಕಲಂ ಬಂತು. ನಕಲಿ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿಲ್ಲ ಎಂದಾದರೆ ಕೋರ್ಟು ಜೈಲನ್ನು ಬಿಟ್ಟು 50 ಸಾವಿರದವರೆಗಿನ ದಂಡ ಮಾತ್ರ ಹಾಕಬಹುದು. 2012ರಲ್ಲಿ 65ಎ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಲಾಕ್ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಸಂಘ ಅಂದಮೇಲೆ ಪದಾಧಿಕಾರಿಗಳ ಹೆಸರು ಕಾಗದದ ಮೇಲೆ ಇರುತ್ತದೆ. ಆ ಸದಸ್ಯರ ಮನಸ್ಸು ಒಳ್ಳೆಯದೇ ಇರಬಹುದು, ಆದರೂ ಇದನ್ನು ತಲೆ ಮೇಲೆ ಎಳೆದುಕೊಳ್ಳಬೇಡಿ.

ಅದೇ ಕಾಯ್ದೆ ನಿಮ್ಮ ಪರವಾಗಿಯೂ ಕೆಲವು ಮಾತು ಹೇಳುತ್ತದೆ. ಅದನ್ನು ಯಾರೂ ಹೇಳುವುದಿಲ್ಲ. ಕಲಂ 52ರ ಪ್ರಕಾರ, ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಹಾಳಾದೀತು, ಕಳೆದೀತು ಎಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆಲ್ಲೂ ಸುಲಭವಾಗಿ ಸಿಗದಿದ್ದರೆ, ಕಾನೂನುಬದ್ಧ ಪ್ರತಿ ಇರುವವರು ಅದನ್ನು ತಾವೇ ಹುಡುಕಿ ತೆಗೆಯಬಹುದು. ಆದ್ದರಿಂದ ಹಳೇ ಬಿಲ್ ಹುಡುಕಿ. ಸಿಕ್ಕರೆ ಅದರ ಪ್ರತಿ ಇಟ್ಟು ಮಾರಿದ ಕಂಪನಿಗೆ ಲಾಕ್ ಕಳೆದದ್ದನ್ನು ತಿಳಿಸಿ ಒಂದು ಪತ್ರ ಬರೆಯಿರಿ. ಉತ್ತರ ಬಂದರೆ ಸಂತೋಷ.

ಬರದಿದ್ದರೂ ಪರವಾಗಿಲ್ಲ ಅನ್ನಲು ಕಾರಣ ಇದೆ. ಸಾಫ್ಟ್‌ವೇರ್ ಕಂಪನಿಯದು, ಫಾಂಟ್ ಕಂಪನಿಯದು. ಆದರೆ ಅದರಲ್ಲಿ ಟೈಪ್ ಮಾಡಿದ ಕಥೆ, ಕವನ, ಲೇಖನ ಕಂಪನಿಯದಲ್ಲ. ಅದನ್ನು ಓದಲು ಲಾಕ್ ಬೇಕಿಲ್ಲ. ಆ ಫೈಲಿನೊಳಗೆ ಕನ್ನಡ ಹೇಗೆ ಕೂತಿದೆ ಅಂತ ಗೊತ್ತಾದರೆ ಸಾಕು.

ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಫಾಂಟುಗಳು ಕನ್ನಡ ಅಕ್ಷರವನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ಒಂದೊಂದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಇಡುತ್ತಿದ್ದವು. ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟನ್ನೇ ತೆಗೆದುಕೊಳ್ಳಿ. ಅದರಲ್ಲಿ ‘ಕನ್ನಡ’ ಎಂದು ಬರೆದರೆ ಫೈಲಿನಲ್ಲಿ ನಿಜವಾಗಿ ಉಳಿಯುವುದು ಇದು: ಕ್ಯಾಪಿಟಲ್ ಪಿ, ನೆತ್ತಿ ಮೇಲೆ ಓರೆ ಗೀಟು ಇರುವ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸ್ಮಾಲ್ ಕ್ಯೂ, ಮತ್ತೆ ಗೀಟಿನ ಎ. ಆ ಗೀಟಿನ ಎ ನಮ್ಮ ತಲೆಕಟ್ಟು. ಜರ್ಮನ್ ಎಸ್ ಅಂದರೆ ನ ಒತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಒಂದೊಂದು ಕಂಪನಿಯದೂ ಬೇರೆ ಬೇರೆ ಜೋಡಣೆ. ನನಗೆ ಬೇಸರ ಇರುವುದು ಈ ವಿಷಯಕ್ಕೆ. ಲಾಕ್ ಹಾಕಲಿ, ದುಡ್ಡು ಕೇಳಲಿ. ಆದರೆ ಯಾವ ತುಂಡು ಎಲ್ಲಿದೆ ಅನ್ನುವ ಪಟ್ಟಿಯನ್ನಾದರೂ ಎಲ್ಲರಿಗೂ ಕೊಟ್ಟಿದ್ದರೆ ಇವತ್ತು ನೀವು ಈ ಪ್ರಶ್ನೆ ಕೇಳುವ ಹೊತ್ತು ಬರುತ್ತಿರಲಿಲ್ಲ.

ಮಾಡಬೇಕಾದ್ದು ಇಷ್ಟೇ. ಸಿಡಿಯಲ್ಲಿರುವುದನ್ನೆಲ್ಲ ಮೊದಲು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಲಿಬ್ರೆ ಆಫೀಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ. ಪುಟದ ಜೋಡಣೆ ಅಲ್ಲಲ್ಲಿ ಕೆಡಬಹುದು. ಕನ್ನಡದ ಬದಲು ಮೇಲೆ ಹೇಳಿದ ಕಸ ಕಾಣಿಸುತ್ತದೆ. ಹೆದರಬೇಡಿ, ಆ ಕಸದಲ್ಲೇ ನಿಮ್ಮ ಕಥೆ ಕವನ ಇದೆ. ಅದನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ಯೂನಿಕೋಡ್ ಕನ್ನಡ ಬರುತ್ತದೆ. ನುಡಿ ಅಥವಾ ‘ಬರಹ’ ಸಾಫ್ಟ್‌ವೇರಿನ ಹಳೇ ಫಾಂಟ್ ಆದರೆ ‘ಸಂಚಯ’ ತಂಡದವರ ಪರಿವರ್ತಕ ಸಾಕು. ಬೇರೆ ಫಾಂಟ್ ಆದರೆ ಅದಕ್ಕೆ ತಕ್ಕ ಪಟ್ಟಿ ಬೇಕು. ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಕಸಕ್ಕೆ ಯಾವ ಅಕ್ಷರ ಎಂದು ನೋಡುತ್ತ ಹೋದರೆ ಪಟ್ಟಿಯನ್ನು ನಾವೇ ಮಾಡಬಹುದು. ಅರ್ಕಾವತ್ತು, ಒತ್ತಕ್ಷರ ಬಂದಲ್ಲಿ ಕಷ್ಟ. ಉಳಿದದ್ದು ತಾಳ್ಮೆಯ ಕೆಲಸ. ಫೈಲೇ ತೆರೆಯಲಿಲ್ಲ ಅಂದರೆ ಮುದ್ರಿತ ಪುಟ ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಓದುವ ಟೆಸೆರಾಕ್ಟ್ ಸಾಫ್ಟ್‌ವೇರಿಗೆ ಕೊಡಿ, ಅದಕ್ಕೆ ಕನ್ನಡ ಓದಲು ಬರುತ್ತದೆ. ತಪ್ಪು ತಿದ್ದಲು ಮಾತ್ರ ಮನುಷ್ಯರೇ ಬೇಕು.

ಲಿಬ್ರೆ ಆಫೀಸ್, ಟೆಸೆರಾಕ್ಟ್ ಎರಡಕ್ಕೂ ನೀವು ಕಾಸು ಕೊಡಬೇಕಿಲ್ಲ, ಯಾರಿಗೂ ಹೆದರಬೇಕಿಲ್ಲ. ಬಳಸಿ, ಹಂಚಿ, ತಿದ್ದಿ ಎಂದು ಅವುಗಳ ಪರವಾನಗಿಯಲ್ಲೇ ಬರೆದಿದೆ. ಈ ಪದ್ಧತಿಯ ಹಿಂದೆ ಒಂದು ಪ್ರಿಂಟರ್ ಜಗಳ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲ್ಯಾಬಿಗೆ ಜೆರಾಕ್ಸ್ ಕಂಪನಿಯ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅದರ ಸಾಫ್ಟ್‌ವೇರನ್ನು ಸರಿಮಾಡಲು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯ, ಕೇಳಿದರೆ ಕೊಡಲಿಲ್ಲ. ಅಂಥ ಅನುಭವಗಳಿಂದಲೇ ಅವರು 1983ರಲ್ಲಿ ಎಲ್ಲರೂ ಬಳಸಿ ತಿದ್ದಬಹುದಾದ ಸಾಫ್ಟ್‌ವೇರಿನ ಗ್ನೂ ಯೋಜನೆ ಘೋಷಿಸಿದರು. 1989ರಲ್ಲಿ ಅದರ ಪರವಾನಗಿ ಜಿಪಿಎಲ್ ಬಂತು. ಅದರ ಜಾಣತನ ನೋಡಿ. ಕೃತಿಸ್ವಾಮ್ಯವನ್ನು ಬಿಟ್ಟುಕೊಡುವುದಿಲ್ಲ. ಅದೇ ಹಕ್ಕನ್ನು ಬಳಸಿ ಷರತ್ತು ಹಾಕುತ್ತದೆ: ನೀವು ತಿದ್ದಿ ಹಂಚಿದರೆ ಪಡೆದವರಿಗೂ ಸೋರ್ಸ್ ಮತ್ತು ಇದೇ ಹಕ್ಕು ಸಿಗಬೇಕು. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಮುಂಬಯಿಗೆ ಇಂಟರ್ನೆಟ್ ತಂದ ಮೇಲೆ, ಗೆಳೆಯನ ಸ್ಟೂಡೆಂಟ್ ಅಕೌಂಟಿನಲ್ಲಿ ನಾನು ಇದನ್ನು ಮೊದಲ ಸಲ ಓದಿದೆ. ಚಿತ್ರ ಗಿತ್ರ ಇಲ್ಲ, ಕಪ್ಪು ಪರದೆಯಲ್ಲಿ ಬರೀ ಅಕ್ಷರ. ಕಾನೂನಿನ ಕಾಗದವೊಂದು ಓದುವವನಿಗೆ ಹಕ್ಕು ಕೊಡುವುದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ತುಂಬ ಖುಷಿಯಾಗಿತ್ತು.

ನಮ್ಮಲ್ಲೂ ಅಂಥವರು ಇದ್ದರು. ಕೆ.ಪಿ. ರಾಯರು, ಮುಂಬಯಿಯ ಟಿಐಎಫ್‌ಆರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಕಿನ್ನಿಕಂಬಳದವರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ ಬರುವ ಕೀಲಿಮಣೆ ಅವರದು. ಅದನ್ನು ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಇವತ್ತು ಸಾವಿರಾರು ಜನ ಕನ್ನಡ ಟೈಪ್ ಮಾಡುತ್ತಿರುವುದು ಆ ಜೋಡಣೆಯಲ್ಲೇ. ಅವರು ಅದಕ್ಕೆ ಬೀಗ ಹಾಕಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ನೆಟ್‌ಗೆ ಹಾಕುವುದು. ಸಂಚಿಕೆ ಅಚ್ಚು ಹಾಕಿಸಿದ್ದು ಸಂಘ, ಖರ್ಚು ಸಂಘದ್ದು, ಹಾಗಾಗಿ ಎಲ್ಲ ಸಂಘದ್ದೇ ಅಂದುಕೊಂಡಿದ್ದೀರಿ. ಹಾಗಲ್ಲ. ಸಂಚಿಕೆಗೆ ಅಂತ ಪ್ರೀತಿಯಿಂದ ಬರೆದುಕೊಟ್ಟ ಲೇಖನದ ಹಕ್ಕು ಲೇಖಕರದ್ದೇ. ಬರಹದಲ್ಲಿ ಬರೆದುಕೊಡದೆ ಅದು ಸಂಘಕ್ಕೆ ಬರುವುದಿಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರ ಹತ್ತಿರ ಇರುತ್ತದೆ. ದುಡ್ಡು ತೆಗೆದುಕೊಳ್ಳದೆ ಮುಖಪುಟದ ಚಿತ್ರ ಬರೆದುಕೊಟ್ಟವರಿಗೂ ಅವರ ಹಕ್ಕು ಇದೆ.

ಹಾಗಾಗಿ ಒಬ್ಬೊಬ್ಬರಿಂದಲೂ ಒಂದು ಸಣ್ಣ ಪತ್ರ ತೆಗೆದುಕೊಳ್ಳಿ. ಇಮೇಲ್ ಆದರೂ ಆದೀತು, ಬರಹದಲ್ಲಿ ಇದ್ದರಾಯಿತು. ಅವಧಿ, ದೇಶ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷಕ್ಕೆ, ಭಾರತದೊಳಗೆ ಮಾತ್ರ ಎಂದು ಓದುತ್ತದೆ. ನೆಟ್‌ಗೆ ಹಾಕುವ ಬರಹಕ್ಕೆ ಅದು ಸಾಲದು. ನಾನಾದರೆ ಹೀಗೆ ಬರೆಸಿಕೊಳ್ಳುತ್ತಿದ್ದೆ: ‘ಸಂಘದ ಇಂಥ ವರ್ಷದ ಸಂಚಿಕೆಯಲ್ಲಿ ಬಂದ ನನ್ನ ಇಂಥ ಬರಹವನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಪರವಾನಗಿಯಡಿ, ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಲ್ಲೂ ಪ್ರಕಟಿಸಲು ಒಪ್ಪಿದ್ದೇನೆ.’ ಕೆಳಗೆ ಹೆಸರು, ತಾರೀಖು, ಸಹಿ. ಅಂದರೆ ಯಾರು ಬೇಕಾದರೂ ಬಳಸಬಹುದು, ಆದರೆ ಲೇಖಕರ ಹೆಸರು ಹೇಳಬೇಕು, ಮಾರ್ಪಡಿಸಿ ಹಂಚಿದರೆ ಇದೇ ಷರತ್ತಿನಲ್ಲಿ ಹಂಚಬೇಕು. ಮಾರಾಟಕ್ಕೂ ಬಳಸಬಹುದು ಅನ್ನುವುದನ್ನು ಲೇಖಕರಿಗೆ ಮೊದಲೇ ಬಿಡಿಸಿ ಹೇಳಿ. ಆಮೇಲೆ ಗೊತ್ತಾಗಿ ಅವರಿಗೆ ನೋವಾಗಬಾರದು. ಕೆಲವರಿಗೆ ಇಷ್ಟವಾಗದೆ ಹೋಗಬಹುದು, ಅವರ ಬರಹ ಬಿಟ್ಟುಬಿಡಿ, ಒತ್ತಾಯ ಬೇಡ. ಕನ್ನಡ ವಿಕಿಪೀಡಿಯ ಇದೇ ಪರವಾನಗಿಯಲ್ಲಿ ನಡೆಯುತ್ತಿದೆ. ಗೋವಾ ವಿಶ್ವವಿದ್ಯಾಲಯ 2013ರಲ್ಲಿ ಕೊಂಕಣಿ ವಿಶ್ವಕೋಶವನ್ನು, ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇದೇ ಬಗೆಯ ಪರವಾನಗಿಯಲ್ಲಿ ಬಿಟ್ಟುಕೊಟ್ಟಿವೆ. ದೊಡ್ಡ ಸಂಸ್ಥೆಗಳೇ ಮಾಡಿದ ಮೇಲೆ ಸಂಘದ ಕಮಿಟಿಯನ್ನು ಒಪ್ಪಿಸುವುದು ಸುಲಭ.

ವಾರಸುದಾರರು ಸಿಗದಿದ್ದರೆ ಸುಮ್ನೆ ಹಾಕಿಬಿಡಬೇಡಿ. ಲೇಖಕರು ತೀರಿಕೊಂಡಿದ್ದು ಹಕ್ಕುದಾರರ ಪತ್ತೆ ಇಲ್ಲದಿದ್ದರೆ ಲೈಸೆನ್ಸ್ ಕೇಳಲು ಕಲಂ 31ಎ ಇದೆ. ಅದು ಉದ್ದದ ದಾರಿ. ಸದ್ಯಕ್ಕೆ ಅಂಥ ಬರಹದ ಶೀರ್ಷಿಕೆ, ಲೇಖಕರ ಹೆಸರು, ಪುಟ ಸಂಖ್ಯೆ ಮಾತ್ರ ಪಟ್ಟಿಯಲ್ಲಿ ಹಾಕಿ. ಅದನ್ನು ನೋಡಿಯೇ ಮೊಮ್ಮಕ್ಕಳು ಫೋನ್ ಮಾಡಬಹುದು.

ಹೊಸ ಪಿಡಿಎಫ್‌ಗೆ ಹಳೇ ಫಾಂಟ್ ಬೇಡ. ನೋಟೊ ಕನ್ನಡ ಇದೆ. ತಲೆಬರಹಕ್ಕೆ ಬಲೂ ತಮ್ಮ ಬಳಸಿ, ಮುಂಬಯಿಯ ಏಕ್ ಟೈಪ್‌ನವರು ಮಾಡಿದ್ದು, ದುಂಡಗೆ ಚೆನ್ನಾಗಿದೆ. ಎರಡೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಸಿಗುತ್ತವೆ.

ಕೆಲಸ ಶುರುಮಾಡುವುದಾದರೆ ವಯಸ್ಸಾದ ಲೇಖಕರಿಂದ ಶುರುಮಾಡಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಬರೆದವರು ನಿಮ್ಮ ಸಂಚಿಕೆಗಳಲ್ಲೂ ಇರಬಹುದು. ಅವರ ಕೈಯಿಂದಲೇ ಸಹಿ ಹಾಕಿಸಿಕೊಳ್ಳುವುದು ಈಗ ಸಾಧ್ಯ. ಲಿಬ್ರೆ ಆಫೀಸಿನಲ್ಲಿ ಫೈಲ್ ತೆರೆದಾಗ ಮೇಲಿನ ಪಟ್ಟಿಯಲ್ಲಿ ಫಾಂಟ್ ಹೆಸರು ಕಾಣುತ್ತದೆ, ಅದನ್ನು ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಅಕ್ಷರದ ಪಟ್ಟಿ ಮಾಡಬೇಕಾದರೆ ನಾನೂ ಕೂತುಕೊಳ್ಳುತ್ತೇನೆ.